ಅಂಗಡಿಯ ಕಡತ ಯಾರ ಮನೆಯಲ್ಲಿರಬೇಕು?

ಹತ್ತು ವರ್ಷಗಳ ಹಿಂದೆ ನನ್ನಲ್ಲಿ ಕಲಿತ ಹುಡುಗನೊಬ್ಬ ಮೊನ್ನೆ ಬದಿಯಡ್ಕದ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ತಂದೆಯ ಅಡಿಕೆ ವ್ಯಾಪಾರವನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ಪುತ್ತೂರಿನಲ್ಲೂ ಮಂಗಳೂರಿನಲ್ಲೂ ಒಂದೊಂದು ಅಂಗಡಿ, ಒಟ್ಟು ಹದಿನಾಲ್ಕು ಮಂದಿ ಕೆಲಸದವರು.

"ಮಾಷ್ಟ್ರೇ, ಮೂರು ಕಡೆಯವರೂ ಒಂದೇ ಕಡತ ನೋಡುವ ಹಾಗೆ ಆಗಬೇಕು. ಅಂಗಡಿಯಲ್ಲೇ ಸರ್ವರ್ ಇಡುವುದೋ, ಕ್ಲೌಡಿಗೆ ಹೋಗುವುದೋ?" ಎಂದು ಕೇಳಿದ. ಶಾಲೆಯ ಕಂಪ್ಯೂಟರ್ ಕೊಠಡಿಯ ಬೀಗದ ಕೈ ನನ್ನಲ್ಲಿರುವುದರಿಂದ ನನಗೆ ಇದೆಲ್ಲ ಗೊತ್ತೆಂದು ಅವನ ನಂಬಿಕೆ. ಅದಕ್ಕೆ ಭಂಗ ಬಾರದಿರಲೆಂದು ಒಂದು ವಾರ ಓದಿದೆ.

ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ, ಬೇರೊಬ್ಬರ ಕಟ್ಟಡದಲ್ಲಿರುವ ಕಂಪ್ಯೂಟರು. ಗೂಗಲ್, ಮೈಕ್ರೋಸಾಫ್ಟ್, ನಮ್ಮ ದೇಶದ ಝೋಹೊ ಮುಂತಾದವರು ತಲೆಗಿಷ್ಟೆಂದು ಬಾಡಿಗೆ ಪಡೆಯುತ್ತಾರೆ. ಯಂತ್ರದ ದುರಸ್ತಿ, ಕಾವಲು ಅವರ ಪಾಲಿಗೆ. ಸ್ವಂತ ಸರ್ವರಿನಲ್ಲಿ ನೆಕ್ಸ್ಟ್‌ಕ್ಲೌಡಿನಂತಹ ಮುಕ್ತ ತಂತ್ರಾಂಶ ಹಾಕಿಕೊಂಡರೆ ತಲೆಬಾಡಿಗೆಯಿಲ್ಲ. ಆದರೆ ನೋಡಿಕೊಳ್ಳುವವರು ಬೇಕು. ತುಲಾ ತಿಂಗಳ ಸಿಡಿಲಿಗೆ ಮೋಡೆಮ್ ಸುಟ್ಟುಕೊಳ್ಳದ ಮನೆ ನಮ್ಮ ಕಡೆ ಅಪರೂಪ. ನಾನಿರುವ ಸಂಘವೊಂದರ ಇಪ್ಪತ್ತು ವರ್ಷದ ಸದಸ್ಯರ ಪಟ್ಟಿ ಹಾಗೆಯೇ ಹೋಯಿತು. ನಕಲು ಇಟ್ಟಿರಲಿಲ್ಲ, ತಪ್ಪು ನನ್ನದೇ.

ಸ್ವಂತದ್ದೇ ಭದ್ರವೆಂಬ ಮಾತೂ ಪೂರ್ತಿ ನಿಜವಲ್ಲ. 2025ರ ಜುಲೈಯಲ್ಲಿ ಮೈಕ್ರೋಸಾಫ್ಟಿನ ಶೇರ್‌ಪಾಯಿಂಟ್ ತಂತ್ರಾಂಶದ ದೋಷವನ್ನು ಹಿಡಿದು ಕಳ್ಳರು ನುಗ್ಗಿದ್ದು ಸ್ವಂತ ಸರ್ವರ್ ಇಟ್ಟವರಲ್ಲಿಗೆ. ಕ್ಲೌಡಿನಲ್ಲಿದ್ದವರಿಗೆ ಆ ದೋಷ ತಟ್ಟಲಿಲ್ಲ. ಸ್ವಂತ ಸರ್ವರಿನ ದಾರಿಯನ್ನು ಕಂಪನಿಗಳೇ ಮುಚ್ಚುವುದೂ ಉಂಟು. ಅಟ್ಲಾಸಿಯನ್ ಕಂಪನಿಯು ತನ್ನ ಸರ್ವರ್ ಆವೃತ್ತಿಗಳಿಗೆ ಬೆಂಬಲವನ್ನು 2024ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಹಾಗೆಂದು ಬಾಡಿಗೆ ಮನೆಯ ಮಾಲಿಕನನ್ನು ಕಣ್ಣುಮುಚ್ಚಿ ನಂಬುವುದೇ? ಅದೇ 2025ರ ಜುಲೈಯಲ್ಲಿ ಗುಜರಾತಿನಲ್ಲಿ ಎಣ್ಣೆ ಶುದ್ಧೀಕರಣ ನಡೆಸುವ ನಯಾರಾ ಎನರ್ಜಿಗೆ, ಯುರೋಪಿನ ನಿರ್ಬಂಧದ ಬೆನ್ನಿಗೆ, ಮೈಕ್ರೋಸಾಫ್ಟ್ ಸೇವೆ ನಿಂತುಹೋಯಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಬಳಿಕ ಸೇವೆ ಮರಳಿತು. ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರಕಾರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ನೌಕರರ ಕಡತಗಳಿದ್ದ ಸರಕಾರಿ ಕ್ಲೌಡಿನ 858 ಟೆರಾಬೈಟ್ ಹೋಯಿತು. ಹೊರಗೆ ನಕಲು ಇರಲಿಲ್ಲ. ನನ್ನ ಸಂಘದ ಕಥೆಯೇ, ಅಳತೆ ಮಾತ್ರ ಬೇರೆ.

ಯಂತ್ರ ಬಲ್ಲವನೊಬ್ಬನನ್ನು ಸಂಬಳಕ್ಕಿಡುವ ಶಕ್ತಿ ಅವನ ಅಂಗಡಿಗಿಲ್ಲ. ಆದ್ದರಿಂದ ಕ್ಲೌಡೇ ಸರಿ ಎಂದೆ. ಆದರೆ ವಾರಕ್ಕೊಮ್ಮೆ ಎಲ್ಲ ಕಡತವನ್ನೂ ಹಾರ್ಡ್ ಡಿಸ್ಕಿಗಿಳಿಸಿ, ಅಂಗಡಿಯಿಂದ ಬೇರೆಡೆ ಇಡಬೇಕು. ಇಳಿಸಿದ್ದು ತೆರೆಯುತ್ತದೆಯೇ ಎಂದೂ ನೋಡಬೇಕು. ಮುಖ್ಯ ಪಾಸ್‌ವರ್ಡು ಯಜಮಾನರ ಕೈಯಲ್ಲಿರಲಿ, ನಾಳೆ ಬಿಟ್ಟುಹೋಗುವ ಗುಮಾಸ್ತನಲ್ಲಿ ಬೇಡ. ಇನ್ನೊಂದು ನಮ್ಮವರಿಗೇ ಸೇರಿದ ತೊಡಕು: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದಿಟ್ಟ ಕನ್ನಡ ಪಟ್ಟಿಗಳನ್ನು ಯೂನಿಕೋಡಿಗೆ ಬದಲಿಸದೆ ಮೇಲೇರಿಸಿದರೆ, ರೈತನ ಹೆಸರು ಹಾಕಿ ಹುಡುಕಿದರೂ ಸಿಗದು.

ಹುಡುಗ ಎಲ್ಲ ಬರೆದುಕೊಂಡ. ಮರುದಿನ ಅವನ ತಂದೆಯೇ ಫೋನು ಮಾಡಿದರು. "ಅಲ್ಲ ಮಾಷ್ಟ್ರೇ, ಬಾಡಿಗೆ ಕಟ್ಟುವುದು ತಪ್ಪಿದರೆ ನಮ್ಮ ಕಡತ ನಮಗೆ ಕೊಡುತ್ತಾರೋ?" ಕೆಲವು ಕಾಲ ಇಟ್ಟು ಆಮೇಲೆ ಅಳಿಸುತ್ತಾರೆ, ಎಷ್ಟು ದಿನವೆಂಬುದು ಒಪ್ಪಂದದಲ್ಲಿರುತ್ತದೆ ಎಂದೆ. "ಹಾಗಾದರೆ ಅದನ್ನು ಓದಿಯೇ ಸಹಿ ಹಾಕುವುದು" ಎಂದು ಫೋನಿಟ್ಟರು.