ಮೂಲ ಕತ್ತಿನಲ್ಲಿ, ನೋವು ಕೈಯಲ್ಲಿ

ಈ ಶಾಲೆಯ ಕರಿಹಲಗೆಯ ಮೇಲೆ ಮೂವತ್ತು ವರ್ಷ ಬರೆದ ನನ್ನ ಬಲಗೈ ನಿವೃತ್ತಿಯ ಬಳಿಕ ಜೋಮು ಹಿಡಿಯಿತು. ಉಳುಕೆಂದು ತೈಲ ತಿಕ್ಕಿಸುತ್ತ ತಿಂಗಳುಗಳನ್ನು ಕಳೆದೆ. ಮೂಲವಿದ್ದುದು ಕತ್ತಿನಲ್ಲಿ.

ಕತ್ತಿನ ಎಲುಬುಗಳ ನಡುವಣ ಮೆತ್ತೆಯೇ ಡಿಸ್ಕ್. ಅದರ ಹೊರಪದರ ಬಿರಿದು ತಿರುಳು ನರವನ್ನು ಒತ್ತಿದರೆ ಬೆರಳಿನವರೆಗೂ ನೋವು ಹರಿಯುತ್ತದೆ. ಬಹುಪಾಲು ರೋಗಿಗಳು ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೆಲವು ವಾರ, ತಿಂಗಳುಗಳಲ್ಲಿ ಗುಣಹೊಂದುತ್ತಾರೆ. ನನಗೆ ಹಾಗಾಗಲಿಲ್ಲ. ವೈದ್ಯರು ಕತ್ತಿನ ಹಿಂದೆ ಸುಮಾರು 1 ಸೆಂಟಿಮೀಟರ್ ಸೀಳಿ, ಸ್ನಾಯುಗಳನ್ನು ಸರಿಸಿ, ಎಂಡೋಸ್ಕೋಪ್ ನಳಿಕೆಯಿಂದ ನೋಡುತ್ತ ನರವನ್ನು ಒತ್ತಿದ ತುಣುಕನ್ನಷ್ಟೇ ತೆಗೆದರು. ಬೆನ್ನುಹುರಿಯನ್ನೇ ಒತ್ತುವ ಡಿಸ್ಕಿಗೆ ಈ ಮಾರ್ಗ ಸಾಮಾನ್ಯವಾಗಿ ಸಲ್ಲದು.

ನೋವು ಹೋಯಿತು, ಹೆಬ್ಬೆರಳಿನ ಜೋಮು ತುಸು ಉಳಿದಿದೆ. ಕೈಬಲ ಕುಂದಿದರೆ, ನಡಿಗೆ ತಪ್ಪಿದರೆ ನನ್ನಂತೆ ತಡಮಾಡದಿರಿ. ಇದು ನಿಮ್ಮ ಹಳೆಯ ಮೇಷ್ಟರ ಕೊನೆಯ ಪಾಠವೆಂದು ತಿಳಿಯಿರಿ.