ಕನ್ನಡ ಪಾಡ್‌ಕಾಸ್ಟ್ ಬರಹರೂಪ | ಮೊಬೈಲ್‌ನಲ್ಲಿ ಕಾಣೋ ‘ಮಾಲೂರು’ ಲ್ಯಾಪ್‌ಟಾಪ್‌ನಲ್ಲಿ ಮಾಯ ಆಗೋದ್ಯಾಕೆ?

ಇವತ್ತು ಸಿ ಭಾಷೆಯ ವಿಷಯ. ಕಾಲೇಜಿನಲ್ಲಿ ಬಹಳಷ್ಟು ಜನ ಮೊದಲು ಕಲಿಯೋದು ಇದನ್ನೇ. ಆದರೆ ಅದೇ ಕೋಡ್ ಒಂದು ಮಷಿನ್‌ನಲ್ಲಿ ಸರಿಯಾಗಿ ನಡೆದು, ಇನ್ನೊಂದರಲ್ಲಿ ತಪ್ಪು ಉತ್ತರ ಕೊಟ್ಟರೆ ಎಲ್ಲಿಂದ ಹುಡುಕಬೇಕು? ಅದನ್ನ ನೋಡೋಣ.

ಒಂದು ಹಳ್ಳಿಯ ಹಾಲಿನ ಡೇರಿಗೆ ಸಿಯಲ್ಲಿ ಬರೆದ ಪುಟ್ಟ ಲೈಬ್ರರಿ ಇದೆ ಅಂದ್ಕೊಳ್ಳಿ. ಅದರ ಕೆಲಸ ಎರಡೇ. ಹಾಲು ಹಾಕುವವರ ಹೆಸರು, ಊರು ಓದೋದು; ಬೆಳಗ್ಗೆ, ಸಂಜೆ ಎಷ್ಟು ಹಾಲು ಬಂತು ಅಂತ ಫೈಲ್‌ಗೆ ಬರೆಯೋದು. ಸಣ್ಣ ಕೆಲಸ ಅನ್ನಬೇಡಿ. ಇಲ್ಲಿ ಎಡವಟ್ಟಾದರೆ ಬಟವಾಡೆ ದಿನ ಒಬ್ಬರ ಹಾಲಿನ ದುಡ್ಡು ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತೆ.

ಮೊದಲು ಹೆಸರಿನ ಕಥೆ. ಹೆಸರಿನ ಮಧ್ಯೆ ಟ್ಯಾಬ್, ಎಂಟರ್‌ನಂಥ ಕಸ ಸೇರಬಾರದು ಅಂತ ಲೈಬ್ರರಿಯಲ್ಲಿ ಒಂದು ಸಾಲು ಇದೆ: ‘ಬೆಲೆ 32ಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡು.’ ಇಂಗ್ಲಿಷ್ ಅಕ್ಷರಗಳಲ್ಲಿ ಮಾಲೂರು ಅಂತ ಬರೆದರೆ ಎಲ್ಲ ಕಡೆ ಸರಿ. ಕನ್ನಡದಲ್ಲಿ ಬರೆದರೆ? ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಸರಿಯಾಗಿ ಬರುತ್ತೆ, ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಊರೇ ಖಾಲಿ! ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಕ್ಕೂ ಇದೇ ಗತಿ.

ಕಾರಣ ಇಷ್ಟೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರ ಚಿಹ್ನೆಗೂ 3 ಬೈಟ್ ಬೇಕು. ‘ಮಾಲೂರು’ ಅಂದ್ರೆ 18 ಬೈಟ್. ‘ಕ’ ಅನ್ನೋ ಅಕ್ಷರ 224, 178, 149 ಅನ್ನೋ ಮೂರು ಬೈಟ್. ಒಂದು ಬೈಟನ್ನ 0ಯಿಂದ 255ರವರೆಗಿನ ಸಂಖ್ಯೆ ಅಂತಲೂ ಓದಬಹುದು, ಮೈನಸ್ 128ರಿಂದ 127ರವರೆಗಿನ ಸಂಖ್ಯೆ ಅಂತಲೂ ಓದಬಹುದು. ಎರಡನೇ ರೀತಿಯಲ್ಲಿ ಓದಿದರೆ 224 ಅನ್ನೋದು ಮೈನಸ್ 32 ಆಗುತ್ತೆ. ಮೈನಸ್ 32 ಅಂದ್ರೆ 32ಕ್ಕಿಂತ ಕಡಿಮೆ. ಕನ್ನಡದ ಬೈಟ್‌ಗಳೆಲ್ಲ 127ಕ್ಕಿಂತ ದೊಡ್ಡವು, ಹಾಗಾಗಿ ಎಲ್ಲವೂ ಕಸದ ಬುಟ್ಟಿಗೆ.

ನಮ್ಮ ಗಡಿ ಕಡೆಯವರಿಗೆ ಇದು ಹೊಸದೇನಲ್ಲ. ‘ಪಾಲು’ ಅಂದರೆ ಕನ್ನಡದಲ್ಲಿ ಭಾಗ, ತೆಲುಗಿನಲ್ಲಿ ಹಾಲು. ಪದ ಒಂದೇ, ಕೇಳಿಸಿಕೊಳ್ಳೋ ಕಿವಿ ಬೇರೆ. ಸಿ ಭಾಷೆಯ ಚಾರ್ ಕೂಡ ಹಾಗೇ. ಅದು ಸೈನ್ಡೋ, ಅನ್‌ಸೈನ್ಡೋ ಅಂತ ಸಿ ಮಾನದಂಡ ಕಟ್ಟುನಿಟ್ಟಾಗಿ ಹೇಳಿಲ್ಲ. ತೀರ್ಮಾನವನ್ನ ಆಯಾ ಪ್ಲಾಟ್‌ಫಾರ್ಮ್‌ಗೆ ಬಿಟ್ಟಿದೆ.

‘ಹಾಗಾದ್ರೆ ಆರ್ಮ್ ಚಿಪ್ ಇದ್ದರೆ ಅನ್‌ಸೈನ್ಡ್ ಅಂತ ಗುರುತಿಟ್ಟುಕೊಂಡ್ರೆ ಸಾಕಲ್ವಾ?’ ಅಂತ ಕೇಳಬಹುದು. ಸಾಲದು. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸೋ ಕಾರ್ಖಾನೆ ಇದೆ. ವಿಸ್ಟ್ರಾನ್‌ನಿಂದ ಅದನ್ನ ಟಾಟಾ ಸಮೂಹ ಕೊಳ್ಳುವ ಒಪ್ಪಂದ 2023ರಲ್ಲಿ ಆಯಿತು. ಆ ಐಫೋನ್‌ನಲ್ಲೂ ಆರ್ಮ್ ಚಿಪ್, ನಿಮ್ಮ ಆಂಡ್ರಾಯ್ಡ್ ಫೋನ್‌ನಲ್ಲೂ ಬಹುತೇಕ ಆರ್ಮ್ ಚಿಪ್ಪೇ. ಆದರೂ ಆಪಲ್ ಚಾರ್ ಅನ್ನ ಸೈನ್ಡ್ ಅನ್ನುತ್ತೆ, ಆರ್ಮ್ ಆಂಡ್ರಾಯ್ಡ್ ಅನ್‌ಸೈನ್ಡ್ ಅನ್ನುತ್ತೆ. ಚಿಪ್ ನೋಡಿ ಊಹೆ ಮಾಡಿದ್ರೆ ಕೆಲಸ ಕೆಡುತ್ತೆ.

ಈಗ ಹಾಲಿನ ಲೆಕ್ಕ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಅಂದ್ರೆ 15 ಕೆ.ಜಿ. ಬೇರೆ ಮಾರುಕಟ್ಟೆಗೆ ಫೋನ್ ಮಾಡಿ ಬರೀ ‘ನೂರು ಬಾಕ್ಸ್’ ಅಂದ್ರೆ ಎಷ್ಟು ಕೆ.ಜಿ. ಅಂತ ಗೊತ್ತಾಗಲ್ಲ. ಸಿ ಭಾಷೆಯ ಲಾಂಗ್ ಅಂಥದ್ದೇ ಬಾಕ್ಸ್. 64 ಬಿಟ್ ಲಿನಕ್ಸ್, ಆಂಡ್ರಾಯ್ಡ್‌ನಲ್ಲಿ ಅದು 8 ಬೈಟ್. 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್.

ಬೆಳಗ್ಗೆಯೋ ಸಂಜೆಯೋ ಅನ್ನೋದಕ್ಕೆ ಒಂದು ಚಾರ್, ಮಿಲಿಲೀಟರ್‌ಗೆ ಒಂದು ಲಾಂಗ್ ಸೇರಿಸಿ ಸ್ಟ್ರಕ್ಟ್ ಮಾಡಿದ್ದೀರಿ ಅನ್ನಿ. ವಿಂಡೋಸ್‌ನಲ್ಲಿ ಅದರ ಅಳತೆ 8 ಬೈಟ್, 64 ಬಿಟ್ ಆಂಡ್ರಾಯ್ಡ್‌ನಲ್ಲಿ 16 ಬೈಟ್. ನಡುವೆ ಕಂಪೈಲರ್ ತಾನೇ ತುಂಬೋ ಖಾಲಿ ಬೈಟ್‌ಗಳೂ ಇದರಲ್ಲಿ ಸೇರಿವೆ. ಡೇರಿಯ ವಿಂಡೋಸ್ ಕಂಪ್ಯೂಟರ್ ಆ ಸ್ಟ್ರಕ್ಟನ್ನ ಹಾಗೇ ಫೈಲ್‌ಗೆ ಸುರಿದರೆ, ಮೊಬೈಲ್ ಇಬ್ಬರ ಹಾಲನ್ನ ಒಬ್ಬರದ್ದು ಅಂತ ಓದುತ್ತೆ. ಹಾಲಿನ ಜಾಗದಲ್ಲಿ ಅರ್ಥವಿಲ್ಲದ ದೊಡ್ಡ ಸಂಖ್ಯೆ ಬರುತ್ತೆ. ಎರರ್ ಮೆಸೇಜ್ ಬರೋದೇ ಇಲ್ಲ.

ಹಾಗಾದ್ರೆ ಹುಡುಕೋದು ಹೇಗೆ? ನಾನು ಹೇಳೋ ಕ್ರಮ ಇದು.

ಒಂದು: ತಪ್ಪು ಕಾಣೋ ಅತಿ ಚಿಕ್ಕ ಪ್ರೋಗ್ರಾಂ ಬರೆಯಿರಿ. ಒಂದು ಊರು, ಒಂದು ದಾಖಲೆ ಸಾಕು.

ಎರಡು: ಎರಡೂ ಮಷಿನ್‌ನಲ್ಲಿ ಚಾರ್, ಇಂಟ್, ಲಾಂಗ್, ಪಾಯಿಂಟರ್, ಸ್ಟ್ರಕ್ಟ್‌ಗಳ ಅಳತೆ ಮತ್ತು ಚಾರ್‌ನ ಕನಿಷ್ಠ ಬೆಲೆ ಪ್ರಿಂಟ್ ಮಾಡಿ, ಪಕ್ಕಪಕ್ಕ ಇಟ್ಟು ನೋಡಿ. ಲ್ಯಾಪ್‌ಟಾಪ್ ಇಲ್ಲದವರೂ ಆಂಡ್ರಾಯ್ಡ್‌ನ ಟರ್ಮಕ್ಸ್ ಆ್ಯಪ್‌ನಲ್ಲಿ ಕ್ಲ್ಯಾಂಗ್ ಕಂಪೈಲರ್ ಹಾಕಿಕೊಂಡು ಇದನ್ನ ಮಾಡಬಹುದು.

ಮೂರು: ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಚಾರ್ ಅನ್ನ ಸೈನ್ಡ್ ಅಥವಾ ಅನ್‌ಸೈನ್ಡ್ ಮಾಡೋ ಫ್ಲ್ಯಾಗ್ ಇದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡೂ ರೀತಿ ಕಂಪೈಲ್ ಮಾಡಿ. ಉತ್ತರ ಬದಲಾಯ್ತಾ? ಕಳ್ಳ ಸಿಕ್ಕಿದ.

ನಾಲ್ಕು: ರಿಪೇರಿ. ಬೈಟ್ ಹೋಲಿಸೋ ಮೊದಲು ಅದನ್ನ ಅನ್‌ಸೈನ್ಡ್ ಚಾರ್ ಮಾಡಿಕೊಳ್ಳಿ. ಫೈಲ್‌ಗೆ ಬರೆಯೋವಾಗ ಲಾಂಗ್ ಬೇಡ. 1999ರ ಸಿ ಮಾನದಂಡದಿಂದ ಬಂದಿರೋ 32 ಬಿಟ್, 64 ಬಿಟ್ ಅಂತ ಅಳತೆ ಹೇಳೋ ಟೈಪ್‌ಗಳನ್ನ ಬಳಸಿ. ಸ್ಟ್ರಕ್ಟನ್ನ ಸಾರಾಸಗಟಾಗಿ ಸುರಿಯಬೇಡಿ. ಯಾವ ಬೈಟ್ ಮೊದಲು ಅಂತ ನಿಗದಿ ಮಾಡಿ, ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಬರೆಯಿರಿ.

ಐದನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಟೆಸ್ಟ್ ಡೇಟಾದಲ್ಲಿ ಕನ್ನಡ ಇರಲಿ. ಬರೀ ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡಿದ್ರೆ ಮೊದಲ ತಪ್ಪು ಯಾವತ್ತೂ ಹೊರಗೆ ಬರಲ್ಲ. ಅದು ಹೊರಗೆ ಬರೋದು ಕನ್ನಡದಲ್ಲಿ ಹೆಸರು ಬರೆಸಿದವರು ತಮ್ಮ ಹೆಸರನ್ನ ಪಟ್ಟಿಯಲ್ಲಿ ಹುಡುಕುವ ದಿನವೇ.

‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡ್ತಿದೆ’ ಅನ್ನೋ ಮಾತು ಆ ಲ್ಯಾಪ್‌ಟಾಪ್‌ನ ವಿಷಯ ಹೇಳುತ್ತೆ ಅಷ್ಟೇ. ಸಿ ಹೇಳದೇ ಬಿಟ್ಟಿದ್ದನ್ನ ಕೋಡ್‌ನಲ್ಲಿ ನಾವೇ ಬಾಯಿಬಿಟ್ಟು ಹೇಳಬೇಕು. ಇವತ್ತಿಗೆ ಇಷ್ಟು.