ಪುಟ್ಟ ಮಗುವಿನೊಡನೆ ಹ್ಯಾನೋವರ್ ಮೇಳಕ್ಕೆ

ನಮ್ಮ ನಾಡಿನ ಸಣ್ಣ ಕೈಗಾರಿಕೆಗಳಲ್ಲಿ ಬಹುಪಾಲು ಕುಟುಂಬದ ಉದ್ದಿಮೆಗಳೇ ಆಗಿವೆ. ಪತಿ ಯಂತ್ರಗಳ ಬಳಿ ನಿಂತರೆ ಪತ್ನಿ ಲೆಕ್ಕಪತ್ರ, ದರಪಟ್ಟಿ, ಬ್ಯಾಂಕಿನ ವ್ಯವಹಾರಗಳನ್ನು ನೋಡಿಕೊಳ್ಳುತ್ತಾರೆ. ಇಬ್ಬರೂ ಪಾಲುದಾರರೇ. ಆದರೆ ವಿದೇಶಿ ವ್ಯಾಪಾರ ಮೇಳಕ್ಕೆ ಹೊರಡುವ ಸಂದರ್ಭ ಬಂದಾಗ, ಮನೆಯಲ್ಲಿ ಚಿಕ್ಕ ಮಗುವಿದೆ ಎಂಬ ಒಂದೇ ಕಾರಣದಿಂದ ಒಬ್ಬರು ಹಿಂದೆ ಉಳಿಯಬೇಕಾಗುತ್ತದೆ. ಉಳಿಯುವವರು ಸಾಮಾನ್ಯವಾಗಿ ಪತ್ನಿಯೇ. ಇದರಿಂದ ಉದ್ದಿಮೆಗೆ ಆಗುವ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಈ ದೃಷ್ಟಿಯಿಂದ ನಮ್ಮ ಅನುಭವವನ್ನು ಸದಸ್ಯ ಬಾಂಧವರ ಮುಂದಿಡುವುದು ಉಪಯುಕ್ತವೆಂದು ಭಾವಿಸಿದ್ದೇನೆ.

ಪೀಣ್ಯದಲ್ಲಿರುವ ನಮ್ಮ ಘಟಕದಲ್ಲಿ ಸಿ.ಎನ್.ಸಿ. ಯಂತ್ರಗಳ ಮೇಲೆ ಹಿತ್ತಾಳೆ ಮತ್ತು ಉಕ್ಕಿನ ಬಿಡಿಭಾಗಗಳು ತಯಾರಾಗುತ್ತವೆ. 2024ರ ಏಪ್ರಿಲ್ 22ರಿಂದ 26ರವರೆಗೆ ಜರ್ಮನಿಯ ಹ್ಯಾನೋವರ್ ನಗರದಲ್ಲಿ ನಡೆದ ಕೈಗಾರಿಕಾ ಮೇಳದಲ್ಲಿ ಮೂವರು ಖರೀದಿದಾರರು ನಮಗೆ ಭೇಟಿಯ ಸಮಯ ನೀಡಿದ್ದರು. 1947ರಲ್ಲಿ ಆರಂಭವಾದ ಈ ಮೇಳಕ್ಕೆ ಭಾರತವು 2006 ಮತ್ತು 2015ರಲ್ಲಿ ಪಾಲುದಾರ ರಾಷ್ಟ್ರವಾಗಿತ್ತೆಂಬುದು ಅನೇಕರಿಗೆ ನೆನಪಿರಬಹುದು. ಆಗ ನಮ್ಮ ಮಗಳಿಗೆ ಹದಿನೆಂಟು ತಿಂಗಳು. ನಮ್ಮ ತಾಯಿಯವರು ಮಂಡಿಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದುದರಿಂದ ಮಗುವನ್ನು ಬಿಟ್ಟುಹೋಗುವಂತಿರಲಿಲ್ಲ. ಮೂವರೂ ಹೊರಡುವುದೆಂದು ತೀರ್ಮಾನವಾಯಿತು.

ಕಾಗದಪತ್ರಗಳ ಸಿದ್ಧತೆ

ಎಷ್ಟೇ ಚಿಕ್ಕ ಮಗುವಾದರೂ ಅದಕ್ಕೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ವಯಸ್ಕರ ಪಾಸ್‌ಪೋರ್ಟ್ ಹತ್ತು ವರ್ಷ ಊರ್ಜಿತವಾಗಿದ್ದರೆ ಚಿಕ್ಕ ಮಕ್ಕಳದು ಐದೇ ವರ್ಷ. ತಂದೆತಾಯಿಯರ ಪಾಸ್‌ಪೋರ್ಟ್ ಸರಿಯಿದೆಯೆಂದು ನೆಮ್ಮದಿಯಿಂದಿದ್ದು, ಮಗುವಿನದರ ಅವಧಿ ಮುಗಿದಿರುವುದನ್ನು ಕೊನೆಯ ಗಳಿಗೆಯಲ್ಲಿ ಕಂಡು ಪೇಚಿಗೆ ಸಿಲುಕುವವರು ಉಂಟು.

ನಮಗೆ ತೊಡಕಾದದ್ದು ಜನನ ಪ್ರಮಾಣಪತ್ರ. ನಾಮಕರಣಕ್ಕೆ ಮೊದಲೇ ಪಡೆದಿದ್ದ ಆ ಪತ್ರದಲ್ಲಿ ಮಗುವಿನ ಹೆಸರೇ ಇರಲಿಲ್ಲ. ನನ್ನ ಹೆಸರಿನ ಇಂಗ್ಲಿಷ್ ಕಾಗುಣಿತವೂ ಪಾಸ್‌ಪೋರ್ಟಿನಲ್ಲಿದ್ದಂತೆ ಇರಲಿಲ್ಲ. ಎರಡನ್ನೂ ಸರಿಪಡಿಸುವಷ್ಟರಲ್ಲಿ ಐದು ವಾರಗಳು ಕಳೆದವು. ಹೆಸರು ಸೇರಿಸುವ ಕೆಲಸವನ್ನು ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಮುಗಿಸಿಕೊಳ್ಳುವುದು ಜಾಣತನ.

ಷೆಂಗೆನ್ ವೀಸಾಕ್ಕೆ ಆರು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವಯಸ್ಕರ ಶುಲ್ಕವು 2024ರ ಜೂನ್ 11ರಿಂದ 80 ಯೂರೋಗಳಿಂದ 90 ಯೂರೋಗಳಿಗೆ ಏರಿತು. ಹನ್ನೆರಡು ವರ್ಷದೊಳಗಿನ ಮಕ್ಕಳ ಬೆರಳಚ್ಚು ಪಡೆಯುವುದಿಲ್ಲ. ಆದರೆ ಅರ್ಜಿಗೆ ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಮಗುವಿಗೂ ಕಡ್ಡಾಯ. ಈ ವಿಮೆಯನ್ನು ವೀಸಾಕ್ಕಾಗಿ ತೆರುವ ದಂಡವೆಂದೇ ನಾನು ಭಾವಿಸಿದ್ದೆ. ಆ ಭಾವನೆ ತಪ್ಪೆಂಬುದು ಮುಂದೆ ತಿಳಿಯಿತು.

ವಿಮಾನದಲ್ಲಿ

ಎರಡು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಆಸನವಿಲ್ಲದಿದ್ದರೆ ಟಿಕೆಟ್ ದರ ಬಹಳ ಕಡಿಮೆ. ಪ್ರವಾಸದ ನಡುವೆ ಎರಡು ವರ್ಷ ತುಂಬಿದರೆ ಹಿಂದಿರುಗುವಾಗ ಆಸನ ಕೊಳ್ಳಲೇಬೇಕು. ಮುಂಭಾಗದ ಗೋಡೆಗೆ ಜೋಡಿಸುವ ತೊಟ್ಟಿಲನ್ನು ನಾವು ಮೊದಲೇ ಕಾದಿರಿಸಿದ್ದೆವು. ಆದರೆ ಮಗುವಿನ ತೂಕ ಆ ತೊಟ್ಟಿಲಿನ ಮಿತಿಯನ್ನು ಮೀರಿದೆಯೆಂದು ವಿಮಾನ ಏರಿದ ಮೇಲಷ್ಟೇ ತಿಳಿಯಿತು. ಫ್ರಾಂಕ್‌ಫರ್ಟ್‌ವರೆಗೆ ಸರದಿಯಂತೆ ಮಡಿಲಿನಲ್ಲಿಟ್ಟುಕೊಂಡೇ ಕುಳಿತೆವು. ಕಾದಿರಿಸುವಾಗಲೇ ತೂಕದ ಮಿತಿಯನ್ನು ಕೇಳಬೇಕಿತ್ತು.

ವಿಮಾನ ಇಳಿಯುವಾಗ ಮಕ್ಕಳಿಗೆ ಕಿವಿನೋವು ಬರುವುದು ಸಹಜ. ಆ ಹೊತ್ತಿನಲ್ಲಿ ಹಾಲು ಅಥವಾ ನೀರು ಕುಡಿಸುತ್ತಿದ್ದರೆ ನುಂಗುವಿಕೆಯಿಂದ ಕಿವಿಯ ಒತ್ತಡ ಸಮವಾಗುತ್ತದೆ. ಮಗುವಿಗೆ ಬೇಕಾಗುವಷ್ಟು ಹಾಲು ಮತ್ತು ಆಹಾರಕ್ಕೆ ನೂರು ಮಿಲಿಲೀಟರಿನ ಮಿತಿ ಅನ್ವಯಿಸುವುದಿಲ್ಲ; ತಪಾಸಣೆಯ ವೇಳೆ ತಾವೇ ತೆಗೆದು ತೋರಿಸಿದರಾಯಿತು.

ತಾಯಿಯವರು ಮೊಮ್ಮಗಳಿಗಾಗಿ ರಾಗಿ ಹಿಟ್ಟು ಮತ್ತು ಒಂದು ಬಾಟಲಿ ತುಪ್ಪವನ್ನು ಕಟ್ಟಿಕೊಟ್ಟಿದ್ದರು. ಹೊರಗಿನಿಂದ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆಯೆಂದು ರಫ್ತುದಾರ ಮಿತ್ರರೊಬ್ಬರು ಹಿಂದಿನ ದಿನ ಎಚ್ಚರಿಸಿದ್ದರಿಂದ ತುಪ್ಪ ಮನೆಯಲ್ಲೇ ಉಳಿಯಿತು. ಮುಚ್ಚಿದ ಪೊಟ್ಟಣದಲ್ಲಿರುವ, ಶೀತಲೀಕರಣ ಬೇಡದ ಶಿಶು ಆಹಾರ ಮತ್ತು ಶಿಶು ಹಾಲಿನ ಪುಡಿಗೆ ಮಾತ್ರ ಎರಡು ಕಿಲೋವರೆಗೆ ವಿನಾಯಿತಿಯುಂಟು. ಹಣ್ಣುಗಳ ಪೈಕಿ ಬಾಳೆಹಣ್ಣಿಗೆ ಅಡ್ಡಿಯಿಲ್ಲ. ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಹ್ಯಾನೋವರ್‌ನಲ್ಲಿ

ಮೇಳದ ದಿನಗಳಲ್ಲಿ ಅಲ್ಲಿ ಹೋಟೆಲ್ ಕೊಠಡಿಗಳು ದುಬಾರಿ. ಅನೇಕ ಮನೆಯವರು ತಮ್ಮ ಕೋಣೆಗಳನ್ನು ಮೇಳಕ್ಕೆ ಬರುವವರಿಗೆ ಬಾಡಿಗೆಗೆ ಕೊಡುವ ರೂಢಿಯಿದೆ. ಅಡುಗೆಮನೆಯ ಸೌಲಭ್ಯವಿದ್ದ ಅಂಥದೊಂದು ಮನೆಯನ್ನು ನಾವು ಆರಿಸಿಕೊಂಡೆವು. ಮಗುವಿಗೆ ದಿನವೂ ರಾಗಿ ಗಂಜಿ, ಅನ್ನ ದೊರೆಯಿತು. ಫ್ರಾಂಕ್‌ಫರ್ಟ್‌ನಿಂದ ಅಲ್ಲಿಗೆ ಹೋಗುವ ವೇಗದ ರೈಲುಗಳಲ್ಲಿ ಚಿಕ್ಕ ಮಕ್ಕಳಿರುವವರಿಗಾಗಿಯೇ ಕಾದಿರಿಸಬಹುದಾದ ಕಿರುಕೋಣೆಯಿರುತ್ತದೆ. ಆರು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಕಾರಿನಲ್ಲಾದರೆ 150 ಸೆಂಟಿಮೀಟರಿಗಿಂತ ಕುಳ್ಳಗಿರುವ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ವಿಶೇಷ ಆಸನ ಕಡ್ಡಾಯ. ಟ್ಯಾಕ್ಸಿ ಕರೆಸುವಾಗಲೇ ಅದನ್ನು ತಿಳಿಸಬೇಕು.

ನಾವು ತಲಪಿದ್ದು ಶನಿವಾರ ರಾತ್ರಿ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಹಾಲಿಲ್ಲ, ಡೈಪರ್ ಮುಗಿಯುತ್ತ ಬಂದಿತ್ತು. ಮುಖ್ಯ ರೈಲು ನಿಲ್ದಾಣದೊಳಗಿನ ಮಳಿಗೆಗಳು ತೆರೆದಿರುತ್ತವೆಂದು ಮನೆಯೊಡತಿ ಹೇಳಿದ ಮೇಲೆ ಸಮಸ್ಯೆ ಬಗೆಹರಿಯಿತು.

ಮಂಗಳವಾರ ರಾತ್ರಿ

ಮೊದಲೆರಡು ದಿನ ಒಬ್ಬರು ಮೇಳದಲ್ಲಿ, ಒಬ್ಬರು ಮಗುವಿನೊಡನೆ ಎಂಬ ಕ್ರಮದಂತೆ ಕೆಲಸ ಸುಗಮವಾಗಿ ನಡೆಯಿತು. ಮುಖ್ಯವಾದ ಭೇಟಿ ಬುಧವಾರ ಬೆಳಿಗ್ಗೆ ಹತ್ತು ಗಂಟೆಗಿತ್ತು. ಅದಕ್ಕೆ ನಾನೇ ಹೋಗುವುದೆಂದು ನಿಶ್ಚಯವಾಗಿತ್ತು.

ಮಂಗಳವಾರ ರಾತ್ರಿ ಮಗುವಿಗೆ ಜ್ವರ ಏರಿತು. ಕಿವಿಯನ್ನು ಎಳೆದುಕೊಂಡು ಒಂದೇ ಸಮನೆ ಅಳತೊಡಗಿದಳು. ಉಷ್ಣಮಾಪಕ 39.4 ಡಿಗ್ರಿ ತೋರಿಸಿತು. ಪರದೇಶ, ಅರಿಯದ ಭಾಷೆ, ಹೊರಗೆ ಕೊರೆಯುವ ಚಳಿ. ಮಗುವನ್ನು ಕರೆತಂದು ತಪ್ಪು ಮಾಡಿದೆವೆಂದು ನಾನು ಅಂದೆ. ಪತ್ನಿ ಉತ್ತರಿಸಲಿಲ್ಲ, ವಿಮಾ ಪತ್ರ ತೆಗೆದು ಅದರಲ್ಲಿದ್ದ ಸಹಾಯವಾಣಿಗೆ ಕರೆ ಮಾಡಿದಳು. ಪ್ರಾಣಾಪಾಯವಿದ್ದರೆ 112, ಅಲ್ಲದಿದ್ದರೆ ಕಚೇರಿ ವೇಳೆಯ ನಂತರದ ವೈದ್ಯರಿಗಾಗಿ 116117 ಎಂದು ಅವರು ತಿಳಿಸಿದರು. ಮನೆಯೊಡತಿಯೇ ಆ ಸಂಖ್ಯೆಗೆ ಮಾತನಾಡಿ, ಸರದಿಯ ವೈದ್ಯರಿದ್ದ ಚಿಕಿತ್ಸಾಲಯಕ್ಕೆ ನಮ್ಮನ್ನು ಕಳುಹಿಸಿಕೊಟ್ಟರು. ಕಿವಿಯ ಸೋಂಕೆಂದು ವೈದ್ಯರು ಹೇಳಿದರು. ರಾತ್ರಿ ಪಾಳಿಯಲ್ಲಿ ತೆರೆದಿದ್ದ ಔಷಧಾಲಯದಿಂದ ಔಷಧ ತಂದು ಮನೆ ಸೇರಿದಾಗ ಎರಡು ಗಂಟೆ.

ಬೆಳಗಾಯಿತು. ಮಗು ನನ್ನ ಹೆಗಲು ಬಿಡಲೊಲ್ಲದು. ಭೇಟಿಯನ್ನು ರದ್ದುಪಡಿಸೋಣವೆಂದು ನಾನು ಹೇಳಿದಾಗ ಪತ್ನಿ, "ದರಪಟ್ಟಿ ಮಾಡಿದವಳು ನಾನು. ನಾನೇ ಹೋಗಿ ಬರುತ್ತೇನೆ, ನೀವು ಇವಳನ್ನು ನೋಡಿಕೊಳ್ಳಿ" ಎಂದಳು.

ಆ ಖರೀದಿದಾರರು ಹಿತ್ತಾಳೆ ಬಿಡಿಭಾಗಗಳಿಗೆ ಆರು ತಿಂಗಳ ಸ್ಥಿರ ದರ ಕೇಳಿದರಂತೆ. ನಾನಿದ್ದರೆ, ಮೊದಲ ಬೇಡಿಕೆ ಕೈತಪ್ಪಬಾರದೆಂಬ ಆತುರದಲ್ಲಿ ಒಪ್ಪಿಬಿಡುತ್ತಿದ್ದೆ. ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ತಾಮ್ರದ ಬೆಲೆ ಆಗ ಟನ್ನಿಗೆ 10,000 ಡಾಲರ್ ಸಮೀಪಿಸುತ್ತಿತ್ತು. ಕಚ್ಚಾ ಸರಕಿನ ಬಿಲ್ಲುಗಳನ್ನು ಪ್ರತಿವಾರ ನೋಡುತ್ತಿದ್ದ ಪತ್ನಿ, ಯಂತ್ರಗೆಲಸದ ದರವನ್ನು ಮಾತ್ರ ಸ್ಥಿರವಾಗಿಟ್ಟು ಲೋಹದ ದರವನ್ನು ಮಾರುಕಟ್ಟೆಗೆ ಜೋಡಿಸಬೇಕೆಂದು ಪಟ್ಟುಹಿಡಿದಳು. ಅವರು ಒಪ್ಪಿದರು. ಮೇ ತಿಂಗಳಲ್ಲಿ ತಾಮ್ರ 11,000 ಡಾಲರ್ ದಾಟಿತು. ಮೂರು ತಿಂಗಳ ನಂತರ ಬಂದ ಪ್ರಾಯೋಗಿಕ ಬೇಡಿಕೆ ಸಣ್ಣದೇ. ಆದರೆ ಅದರಲ್ಲಿ ನಮಗೆ ನಷ್ಟವಾಗಲಿಲ್ಲ.

ಶುಕ್ರವಾರ ವೈದ್ಯರು ಪುನಃ ಪರೀಕ್ಷಿಸಿ ವಿಮಾನಯಾನಕ್ಕೆ ಅನುಮತಿ ನೀಡಿದರು. ಭಾನುವಾರ ಹೊರಟೆವು. ರಸೀದಿಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ವಿಮೆಯ ಹಣವೂ ಬಂದಿತು.

ಗಮನದಲ್ಲಿಡಬೇಕಾದ ಅಂಶಗಳು

1. ಪ್ರವಾಸಕ್ಕೆ ಮೂರು ತಿಂಗಳು ಮೊದಲೇ ಮಗುವಿನ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರಗಳನ್ನು ಪರಿಶೀಲಿಸಿ.

2. ಉಷ್ಣಮಾಪಕ, ಮಗುವಿನ ವೈದ್ಯರು ಬರೆದುಕೊಟ್ಟ ಔಷಧಗಳು ಹಾಗೂ ಅವರ ಚೀಟಿ, ಲಸಿಕೆಯ ದಾಖಲೆ ಕೈಚೀಲದಲ್ಲೇ ಇರಲಿ.

3. ದೇಶದಿಂದ ದೇಶಕ್ಕೆ ನಿಯಮ ಬೇರೆ. ಸಂಯುಕ್ತ ಅರಬ್ ಸಂಸ್ಥಾನಗಳಿಗೆ ಗಸಗಸೆ ಒಯ್ಯುವುದು ಗಂಭೀರ ಅಪರಾಧ. ಪೀತಜ್ವರವಿರುವ ಆಫ್ರಿಕಾದ ದೇಶಗಳಿಗೆ ಹೋಗುವುದಾದರೆ ಒಂಬತ್ತು ತಿಂಗಳೊಳಗಿನ ಮಕ್ಕಳಿಗೆ ಆ ಲಸಿಕೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲವೆಂಬುದು ನೆನಪಿರಲಿ.

4. ಸರಕಿನ ಮಾದರಿಗಳನ್ನು ಮಗುವಿನ ಬಟ್ಟೆಗಳ ನಡುವೆ ಇಡಬೇಡಿ. ಅವುಗಳನ್ನು ಪ್ರತ್ಯೇಕವಾಗಿ, ದಾಖಲೆಯೊಡನೆ ಸುಂಕದವರಿಗೆ ತೋರಿಸಿ.

5. ಪಾಲುದಾರರ ಪ್ರವಾಸ ಉದ್ದಿಮೆಯ ವೆಚ್ಚ. ಮಗುವಿನ ವೆಚ್ಚ ಸ್ವಂತದ್ದು. ಎರಡನ್ನೂ ಬೆರೆಸದೆ ಪ್ರತ್ಯೇಕ ಲೆಕ್ಕವಿಡಿ.

6. ಕೊನೆಯ ಭೇಟಿಗೂ ಹಿಂದಿರುಗುವ ವಿಮಾನಕ್ಕೂ ನಡುವೆ ಎರಡು ದಿನ ಬಿಡುವಿರಲಿ.

ಕೊನೆಯದಾಗಿ ಒಂದು ಮನವಿ. ವಾಣಿಜ್ಯ ಸಂಸ್ಥೆಗಳು ನಿಯೋಗಗಳನ್ನು ಒಯ್ಯುವಾಗ ಮೇಳದ ಆವರಣಕ್ಕೆ ಮಕ್ಕಳಿಗೆ ಪ್ರವೇಶವಿದೆಯೇ, ಅಡುಗೆಮನೆಯಿರುವ ವಸತಿ ಎಲ್ಲಿ ದೊರೆಯುತ್ತದೆ, ಹತ್ತಿರದ ಮಕ್ಕಳ ವೈದ್ಯರು ಯಾರು ಎಂಬ ಮಾಹಿತಿಯನ್ನು ಸುತ್ತೋಲೆಯಲ್ಲಿ ಸೇರಿಸಿದರೆ ಖರ್ಚೇನೂ ಆಗದು. ಅಷ್ಟರಿಂದಲೇ, ದರಪಟ್ಟಿ ತಯಾರಿಸಿ ಮನೆಯಲ್ಲೇ ಉಳಿಯುತ್ತಿರುವ ಎಷ್ಟೋ ಪಾಲುದಾರರು ಖರೀದಿದಾರರ ಎದುರು ಕುಳಿತು ಮಾತನಾಡುವಂತಾದೀತು.